ಹತ್ತು ತಗಡಿಗೆ ಆರು ಅಕ್ಷರ

ನಮ್ಮೂರಲ್ಲಿ ಮನೆ ಕಟ್ಟಿಸುವವರು ಗಾರೆ ಕೆಲಸದವನಿಗೆ ಹೇಳಿಕಳಿಸಿದ ದಿನವೇ ನನಗೂ ಹೇಳಿಕಳಿಸುತ್ತಿದ್ದರು. ನಾನು ಬೋರ್ಡ್ ಬರೆಯುವವನು, ಹೆಸರು ಕೊಟ್ರಪ್ಪ. ನನ್ನ ಗುರುಗಳು ಹೇಳಿಕೊಟ್ಟ ಲೆಕ್ಕ ಇಂದಿಗೂ ನಾಲಿಗೆ ತುದಿಯಲ್ಲಿದೆ: ಹತ್ತು ತಗಡಿಗೆ ಆರು ಅಕ್ಷರ, ಎರಡು ಬಣ್ಣ, ಒಂದು ಶೇಡ್. ಅಷ್ಟನ್ನು ಬರೆದು ಬಾಗಿಲ ಮೇಲೆ ಕೂರಿಸಿದರೆ ಆಷಾಢದ ಗಾಳಿ ಬೊಬ್ಬೆ ಹೊಡೆದುಕೊಂಡು ಹೋಗುತ್ತದೆಯೇ ಹೊರತು ಛಾವಣಿಯ ತಗಡು ಮಿಸುಕುವುದಿಲ್ಲ. ಬೇರೆ ಊರುಗಳಲ್ಲಿ ತಗಡಿಗೆ ಮೊಳೆ ಹೊಡೆಯುತ್ತಾರಂತೆ, ಮೇಲೆ ಕಲ್ಲು ಹೇರುತ್ತಾರಂತೆ. ಅವರವರ ಪದ್ಧತಿ ಅವರವರಿಗೆ. ನಾವು ಅಕ್ಷರ ಬರೆಸುತ್ತೇವೆ.

ಬಣ್ಣಗಳಲ್ಲಿ ಕೆಂಪು ಭಾರ, ಹಳದಿ ಅದಕ್ಕಿಂತ ಒಂದು ಕೈ ಕಡಿಮೆ, ಕಪ್ಪು ಎಲ್ಲಕ್ಕಿಂತ ಹಗುರ. ಒತ್ತಕ್ಷರ ಇದ್ದರೆ ಒಳ್ಳೆಯದು, ಮೂಲೆ ಗಟ್ಟಿಯಾಗಿ ಕೂರುತ್ತದೆ. ಹಾಗಾಗಿ ನಮ್ಮಲ್ಲಿ ಮಗುವಿಗೆ ಹೆಸರಿಡುವಾಗ ಅಜ್ಜಿಯರು ನಕ್ಷತ್ರ ನೋಡುವ ಮೊದಲು ಒತ್ತು ಇದೆಯೋ ಇಲ್ಲವೋ ನೋಡುತ್ತಿದ್ದರು. ಉಮಾ, ರವಿ ಎಂಬ ಹೆಸರಿನವರಿಗೆ ಸಂಬಂಧ ಕೂಡಿಬರುವುದೇ ಕಷ್ಟವಾಗಿತ್ತು. ಟೈಲರ್ ಖಾಸಿಂ ಸಾಹೇಬರಿಗೆ ಇದ್ದದ್ದು ಮೂವರು ಹೆಣ್ಣುಮಕ್ಕಳು, ಆದರೂ ಅಂಗಡಿಯ ಮೇಲೆ 'ಖಾಸಿಂ ಅಂಡ್ ಸನ್ಸ್' ಎಂದು ಬರೆಸಿದ್ದರು. ಕೇಳಿದವರಿಗೆ, "ಗಂಡುಮಕ್ಳಿಗಾಗಿ ಅಲ್ರೀ, ತಗಡಿಗಾಗಿ" ಎನ್ನುತ್ತಿದ್ದರು. ಆ ಇಲ್ಲದ ಗಂಡುಮಕ್ಕಳು ಹದಿನೆಂಟು ವರ್ಷ ಅಪ್ಪನ ಅಂಗಡಿಯನ್ನು ಎಷ್ಟು ಚೆನ್ನಾಗಿ ಹಿಡಿದುಕೊಂಡಿದ್ದರು ಎಂದರೆ, ಇರುವ ಗಂಡುಮಕ್ಕಳು ಎಷ್ಟೋ ಜನ ಹಾಗೆ ಹಿಡಿದುಕೊಳ್ಳುವುದಿಲ್ಲ.

ಈಗ ನನ್ನ ಅಕ್ಕನ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಈ ಕತೆ ಅವಳ ತಗಡಿನದು. ತಾಯಿ ಸತ್ತಾಗ ನನಗೆ ನಾಲ್ಕು ವರ್ಷ. ಅಕ್ಕನೇ ಸಾಕಿದಳು. ಮದುವೆಯಾದ ಮೇಲೂ ನನ್ನನ್ನು ಕಂಕುಳಲ್ಲಿ ಇಟ್ಟುಕೊಂಡೇ ಹೋದಳು. ಪರಮೇಶಪ್ಪ ಭಾವ ಖಾನಾವಳಿ ತೆರೆದ, ನಾನು ದೊಡ್ಡವನಾಗಿ ಅದಕ್ಕೆ ಬೋರ್ಡ್ ಬರೆದೆ: 'ಶ್ರೀ ಪರಮೇಶಪ್ಪನವರ ಖಾನಾವಳಿ'. ಇಪ್ಪತ್ತೆರಡು ತಗಡು, ಹದಿಮೂರು ಅಕ್ಷರ, ಕೆಂಪಿಗೆ ಹಳದಿ ಶೇಡ್. ಬೋರ್ಡ್ ಏರಿದ ಮೂರನೇ ತಿಂಗಳಿಗೆ ಭಾವ ಬೀಡಿ ತರುತ್ತೇನೆಂದು ಹೋದವನು ಇಪ್ಪತ್ತು ವರ್ಷವಾದರೂ ಬಂದಿಲ್ಲ. ಬೀಡಿ ಅಂಗಡಿ ಖಾನಾವಳಿಯ ಎದುರಿಗೇ ಇದೆ. ಅವನು ಬೇರೊಂದು ಊರಿನಲ್ಲಿ ಬೇರೊಬ್ಬಳ ಜೊತೆ ದುಂಡಗೆ ಇದ್ದಾನೆ ಎಂದು ನೋಡಿಬಂದವರು ಹೇಳುತ್ತಿದ್ದರು.

ಭಾವ ಹೋದರೂ ಅವನ ಹೆಸರು ಹೋಗುವಂತಿರಲಿಲ್ಲ. ಆ ತಗಡುಗಳನ್ನು ಅಕ್ಕ ತನ್ನ ಕೈಯ ಬಳೆ, ಕೊರಳಿನ ಸರ ಬಿಚ್ಚಿಕೊಟ್ಟು ಹಾಕಿಸಿದ್ದಳು. ಅವು ಹಾರಿದರೆ ಮತ್ತೆ ಹಾಕಿಸಲು ಅವಳ ಮೈಮೇಲೆ ಬಿಚ್ಚುವಂಥದ್ದು ಏನೂ ಉಳಿದಿರಲಿಲ್ಲ. ಹಾಗಾಗಿ ಪ್ರತಿವರ್ಷ ಆಷಾಢಕ್ಕೆ ಮುಂಚೆ ನಾನು ಏಣಿ ಹತ್ತಿ ಭಾವನ ಹೆಸರಿಗೆ ಮತ್ತೊಂದು ಕೋಟು ಕೆಂಪು ಹಚ್ಚುತ್ತಿದ್ದೆ, ಅಕ್ಕ ಕೆಳಗೆ ಏಣಿ ಹಿಡಿದುಕೊಂಡು ಅದೇ ಹೆಸರಿಗೆ ಶಾಪ ಹಾಕುತ್ತಿದ್ದಳು. ಅವಳಿಗೆ ಓದು ಬರುತ್ತಿರಲಿಲ್ಲ. ತಲೆಯ ಮೇಲೆ ದಿನಾ ಕಂಡು ಕಂಡು ಗುರುತಾಗಿದ್ದ ಅಕ್ಷರಗಳೆಂದರೆ ಅವನ ಹೆಸರಿನವು ಮಾತ್ರ. ಊರವರ ಬಾಯಲ್ಲೂ ಅವಳು ಪರಮೇಶಪ್ಪನ ಹೆಂಡತಿಯೇ.

ಹೀಗಿರುವಾಗ ನಮ್ಮ ಪುರಸಭೆಯ ಅಧ್ಯಕ್ಷರು ಮುರಿಗೆಪ್ಪನವರು ಯಾವುದೋ ದೊಡ್ಡ ಪಟ್ಟಣಕ್ಕೆ ಹೋಗಿ ಒಂದು ಪ್ರದರ್ಶನ ನೋಡಿಬಂದರು. ಅಲ್ಲಿ ಆನೆ ಕಟ್ಟುವಷ್ಟು ದೊಡ್ಡ ಬಿಳಿ ಗೋಡೆಯಂತೆ, ಅದರ ಕೆಳಮೂಲೆಯಲ್ಲಿ ಒಂದೇ ಒಂದು ಸಣ್ಣ ಕಪ್ಪು ಅಕ್ಷರವಂತೆ. ಅದರ ಮುಂದೆ ಜನ ಅರ್ಧ ಗಂಟೆ ಸುಮ್ಮನೆ ನಿಂತಿದ್ದರಂತೆ. ನಮ್ಮ ಅಧ್ಯಕ್ಷರು ಮಾತಾಡುವಾಗ ಜನ ಐದು ನಿಮಿಷವೂ ಸುಮ್ಮನೆ ನಿಂತವರಲ್ಲ. ಆ ಹೊಟ್ಟೆಕಿಚ್ಚಿಗೋ ಏನೋ, ಬರುವಾಗ ಆ ಗೋಡೆಯನ್ನು ಮಾಡಿದ ಡಿಸೈನರ್ ತನ್ಮಯ್ ಎಂಬವನನ್ನು ಜೊತೆಗೇ ಕರೆದುಕೊಂಡು ಬಂದರು. ಕಪ್ಪು ಅಂಗಿ, ಕಪ್ಪು ಪ್ಯಾಂಟು, ಬಿಳಿ ಬೂಟು. ಅವನನ್ನು ನೋಡಿದರೇ ಗೊತ್ತಾಗುತ್ತಿತ್ತು, ಹೇಳಿದಂತೆ ನಡೆಯುವ ಮನುಷ್ಯ ಎಂದು.

ಪುರಸಭೆ ಅಂಗಳದಲ್ಲಿ ಸಭೆ ಸೇರಿತು. ತನ್ಮಯ್ ಬಜಾರಿನ ಕಡೆ ಕೈತೋರಿಸಿ ಕಣ್ಣು ಮುಚ್ಚಿಕೊಂಡ, ಪಾಪ, ನೋವಾಯಿತೆಂದು ಕಾಣುತ್ತದೆ. "ಇಷ್ಟು ಬಣ್ಣ ಯಾಕೆ ಸರ್? ಇಷ್ಟು ಅಕ್ಷರ ಯಾಕೆ? ಅಕ್ಷರಕ್ಕೂ ಉಸಿರಾಡೋಕೆ ಜಾಗ ಬೇಕು. ಕಪ್ಪು, ಬಿಳಿ, ಒಂದಂಗಡಿಗೆ ಒಂದೇ ಅಕ್ಷರ. ಉಳಿದಿದ್ದೆಲ್ಲ ಖಾಲಿ. ಆ ಖಾಲಿಯೇ ಕಲೆ."

ಖಾಸಿಂ ಸಾಹೇಬರು ಎದ್ದು ನಿಂತರು. "ಕಲೆ ಸರಿ ಸ್ವಾಮಿ. ಗಾಳಿ ಬಂದ್ರ?"

"ಬರಲಿ," ಅಂದ ತನ್ಮಯ್. "ಗಾಳಿ ಬರಲಿ ಅಂತಾನೇ ಖಾಲಿ ಬಿಡೋದು."

"ಆಹಾ, ಕೇಳಿದ್ರಾ!" ಎಂದು ಅಧ್ಯಕ್ಷರು ಚಪ್ಪಾಳೆ ಹೊಡೆದರು. ಅಧ್ಯಕ್ಷರು ಹೊಡೆದ ಮೇಲೆ ಸದಸ್ಯರು ಹೊಡೆದರು, ಸದಸ್ಯರು ಹೊಡೆದ ಮೇಲೆ ನಾವೆಲ್ಲ ಹೊಡೆದೆವು. ಖಾಸಿಂ ಸಾಹೇಬರೂ ಹೊಡೆದರು. ಸುಂದರ ಊರುಗಳ ಸ್ಪರ್ಧೆಗೆ ನಮ್ಮೂರಿನ ಹೆಸರು ಹೋಯಿತು. ತೀರ್ಪುಗಾರರು ಬರುವುದು ಆಷಾಢದ ಎರಡನೇ ವಾರ ಎಂದು ಗೊತ್ತಾದಾಗ ಯಾರೂ ತುಟಿ ಬಿಚ್ಚಲಿಲ್ಲ. ಅಷ್ಟು ಹೊತ್ತಿಗೆ ಚಪ್ಪಾಳೆ ಹೊಡೆದಾಗಿತ್ತಲ್ಲ.

ನಾನೇಕೆ ಬಾಯಿ ಬಿಡಲಿಲ್ಲ ಎಂದು ನೀವು ಕೇಳಬಹುದು. ಊರಿನಲ್ಲಿ ಅಕ್ಷರದ ಭಾರ ಬಲ್ಲವನು ನಾನೊಬ್ಬನೇ. ನಿಜ ಹೇಳುತ್ತೇನೆ, ಮುಚ್ಚಿಟ್ಟು ಏನಾಗಬೇಕು. ಸಭೆ ಮುಗಿದ ಮೇಲೆ ತನ್ಮಯ್ ನನ್ನ ಹತ್ತಿರ ಬಂದು, ಕೈಕುಲುಕಿ, "ಕೊಟ್ರಪ್ಪ ಸರ್, ನೀವೇ ನಮ್ಮ ಮುಖ್ಯ ಕಲಾವಿದರು" ಎಂದ. ಹುಟ್ಟಿದಾಗಿನಿಂದ ನಾನು ಬೋರ್ಡ್ ಕೊಟ್ರ. ಸರ್ ಎಂದು ಕರೆದವನು ಅವನೇ ಮೊದಲಿಗ. ಕೊರಳಿಗೆ ಕಪ್ಪು ದಾರದ ಒಂದು ಗುರುತಿನ ಚೀಟಿ ಹಾಕಿದರು, ಅದರಲ್ಲಿ ನನ್ನ ಫೋಟೋ, ಅದೂ ಕಪ್ಪು ಬಿಳುಪು. ಮೂರು ದಿನ ನಾನು ಅದನ್ನು ಸ್ನಾನಕ್ಕೂ ತೆಗೆಯಲಿಲ್ಲ. ಮೂವತ್ತು ವರ್ಷದ ವಿದ್ಯೆಯನ್ನು ಒಂದು ಮೊಳ ದಾರಕ್ಕೆ ಕೊಟ್ಟುಬಿಟ್ಟೆ. ನನ್ನ ಕೆಂಪು, ಹಳದಿ, ಹಸಿರು ಡಬ್ಬಗಳನ್ನೆಲ್ಲ ನಾನೇ ಹೊತ್ತುಕೊಂಡು ಹೋಗಿ ಪುರಸಭೆಯ ಕೋಣೆಗೆ ಸೇರಿಸಿದೆ. ಅದಕ್ಕೆ ಬೀಗ ಬಿತ್ತು.

ಚೈತ್ರ, ವೈಶಾಖ ಎರಡು ತಿಂಗಳು ನಾನು ಮಾಡಿದ್ದು ಒಂದೇ ಕೆಲಸ, ನಾನು ಬರೆದದ್ದನ್ನೆಲ್ಲ ನಾನೇ ಬಿಳಿ ಬಳಿದು ಅಳಿಸುವುದು. ಆಮೇಲೆ ತನ್ಮಯ್ ಅಳತೆಪಟ್ಟಿ ಹಿಡಿದು ತೋರಿಸಿದ ಕಡೆ ಹೆಬ್ಬೆರಳಿನಷ್ಟು ಒಂದು ಕಪ್ಪು ಅಕ್ಷರ ಬರೆಯುವುದು. ಸಲೂನು, ಸೈಕಲ್ ಅಂಗಡಿ, ಸಿಹಿತಿಂಡಿ ಅಂಗಡಿ, ಮೂರಕ್ಕೂ ಒಂದೇ 'ಸ', ಗುಣಿತಕ್ಕೆ ತನ್ಮಯ್ ಒಪ್ಪಲಿಲ್ಲ. ಗಡ್ಡ ಮಾಡಿಸಿಕೊಳ್ಳಲು ಹೋದವರು ಜಿಲೇಬಿ ತಿಂದು ಬಂದರು. ಪಂಕ್ಚರ್ ಹಾಕಿಸಲು ಹೋದ ಮೇಷ್ಟ್ರೊಬ್ಬರು ತಲೆ ಬೋಳಿಸಿಕೊಂಡು ಬಂದರು, ಯಾಕೆ ಎಂದರೆ, "ಕೂರಿಸಿದ್ರು, ಬ್ಯಾಡ ಅನ್ನೋಕೆ ಸಂಕೋಚ ಆತು" ಎಂದರು. ತನ್ಮಯನಿಗೆ ಹೇಳಿದಾಗ ಅವನಿಗೆ ಬಹಳ ಸಂತೋಷವಾಯಿತು. "ಹುಡುಕಲಿ ಸರ್. ಹುಡುಕೋದೇ ಅನುಭವ."

ಖಾಸಿಂ ಸಾಹೇಬರಿಗೆ 'ಖ' ಉಳಿಯಿತು. ಗಂಡುಮಕ್ಕಳು ಹೋದರು.

ಕೊನೆಗೆ ಖಾನಾವಳಿಯ ಸರದಿ ಬಂತು. ಅಕ್ಕನಿಗೆ ನಾನೇ ಹೇಳಬೇಕಾಯಿತು. ರೊಟ್ಟಿ ತಟ್ಟುತ್ತಿದ್ದವಳು ಕೈ ನಿಲ್ಲಿಸಿ ನನ್ನ ಕೊರಳಿನ ಚೀಟಿಯನ್ನು ನೋಡಿದಳು.

"ಅವನ ಹೆಸರು ಹೋಗ್ತೈತೇನು?"

"ಹೋಗ್ತೈತಕ್ಕ."

"ಪೂರಾ?"

"ಪೂರಾ."

ಅವತ್ತು ಅಕ್ಕ ಹೋಳಿಗೆ ಮಾಡಿದಳು. ಬಂದವರಿಗೆಲ್ಲ ಕೇಳದೆಯೇ ಎರಡೆರಡು ಬಡಿಸಿದಳು. ಆದರೆ ನಾನು ಏಣಿ ಹತ್ತುವ ಹೊತ್ತಿಗೆ ಹೊರಗೆ ಬಂದು, ಏಣಿ ಹಿಡಿದು, ಮೆಲ್ಲಗೆ ಕೇಳಿದಳು. "ಕೊಟ್ರ, ತಗಡು ನಿಲ್ತಾವೇನೋ? ನನಗಿರೋದು ಇಷ್ಟ ನೋಡು."

"ನಾನಿದೀನಲ್ಲಕ್ಕ," ಎಂದೆ. ಎಂಥ ಮಾತು! ನಾನಿರುವುದರಿಂದಲೇ ತಾನೆ ಅವಳಿಗೆ ಆ ಗತಿ ಬಂದದ್ದು.

ಖಾನಾವಳಿಗೆ ಒಂದಕ್ಷರವೂ ಹೆಚ್ಚು ಎಂದು ತನ್ಮಯನಿಗೆ ಅನ್ನಿಸಿತು. ಎಂಟಡಿ ಉದ್ದ, ಮೂರಡಿ ಎತ್ತರದ ಬಿಳಿ ಬೋರ್ಡಿನ ಬಲಮೂಲೆಯಲ್ಲಿ ಒಂದು ಕಪ್ಪು ಚುಕ್ಕಿ ಇಡಿಸಿದ. ಹಸಿವು ಅಂದರೆ ಅದೇ, ಎಂದ. ಮಾರನೆಯ ಬೆಳಗ್ಗೆ ಅಕ್ಕ ಪೊರಕೆ ತಂದು ನೊಣವೆಂದು ಅದನ್ನು ಓಡಿಸಲು ನೋಡಿದಳು. ಎರಡು ಸಲ ಬೀಸಿದ ಮೇಲೆ ಅದು ನಾನು ಇಟ್ಟದ್ದು ಎಂದು ತಿಳಿದು, ಪೊರಕೆ ಹಿಡಿದುಕೊಂಡೇ ನನ್ನನ್ನು ನೋಡಿದಳು. ನಾನು ಬೇರೆ ಕೆಲಸ ನೆನಪಾಗಿ ಹೊರಟುಬಂದೆ.

ಬೇಸಿಗೆಯಲ್ಲಿ ಗಾಳಿ ಕಡಿಮೆ, ಆದರೂ ಮನೆಗಳು ಹಗುರಾದದ್ದು ಎಲ್ಲರಿಗೂ ಗೊತ್ತಾಯಿತು. ಸಂಜೆ ತಂಗಾಳಿ ಬೀಸಿದರೆ ತಗಡುಗಳು ಒಂದು ಗೇಣು ಎದ್ದು ಮತ್ತೆ ಕೂರುತ್ತಿದ್ದವು. ಜನ ಹೊಂದಿಕೊಂಡರು, ನಮ್ಮ ಜನ ಹೊಂದಿಕೊಳ್ಳುವುದರಲ್ಲಿ ಗಟ್ಟಿಗರು. ಒಂದು ಕೈಯಲ್ಲಿ ತೊಲೆಗೆ ಕಟ್ಟಿದ ಹಗ್ಗ ಹಿಡಿದು ಇನ್ನೊಂದು ಕೈಯಲ್ಲಿ ಊಟ ಮಾಡುವುದನ್ನು ಮಕ್ಕಳು ಸಹ ಕಲಿತವು. ದಪ್ಪಗಿರುವ ನೆಂಟರಿಗೆ ಎಲ್ಲಿಲ್ಲದ ಉಪಚಾರ ಶುರುವಾಯಿತು. ವರ್ಷಗಟ್ಟಲೆ ಮಾತು ಬಿಟ್ಟಿದ್ದ ಅತ್ತೆಯಂದಿರನ್ನೂ ಕರೆತಂದು ಅಟ್ಟದ ಮೇಲೆ ಕೂರಿಸಿ ಅಲ್ಲಿಗೇ ಕಾಫಿ ತಿಂಡಿ ಕೊಡುತ್ತಿದ್ದರು. ಅವರು ಊರಿಗೆ ಹೊರಡುತ್ತೇವೆಂದರೆ ಸೊಸೆಯಂದಿರು ನಿಜವಾಗಿಯೂ ಅಳುತ್ತಿದ್ದರು. ತನ್ಮಯ್ ಬೀದಿಯಲ್ಲಿ ನಿಂತು ಏಳುವ ಇಳಿಯುವ ಛಾವಣಿಗಳನ್ನು ನೋಡಿ, "ಊರು ಉಸಿರಾಡ್ತಿದೆ" ಎಂದು ವೀಡಿಯೋ ಮಾಡಿಕೊಂಡ.

ಆಷಾಢ ಬಂತು. ತೀರ್ಪುಗಾರರು ಮೂವರು ಬಂದರು, ಮೂವರೂ ಕಪ್ಪು ಬಟ್ಟೆಯವರೇ. ಅವರು ಬಜಾರಿಗೆ ಕಾಲಿಟ್ಟಾಗ ಮಧ್ಯಾಹ್ನ ಊಟದ ಹೊತ್ತು. ಪಶ್ಚಿಮದ ಗುಡ್ಡದ ಕಡೆಯಿಂದ ಗಾಳಿ ಎದ್ದದ್ದೂ ಆಗಲೇ. ಮೊದಲು ಹೋದದ್ದು ಖಾಸಿಂ ಸಾಹೇಬರ ತಗಡು. ಹೊಲಿದು ಮಡಿಸಿಟ್ಟ ಹದಿನಾರು ಅಂಗಿಗಳು ಅದರ ಹಿಂದೆಯೇ ತೋಳು ಬೀಸುತ್ತಾ ಹೋದವು. ಆಮೇಲೆ ಮೂರು 'ಸ'ಗಳೂ ಸಾಲಾಗಿ ಹೋದವು. ಅಧ್ಯಕ್ಷರ ಮನೆ ಮಾತ್ರ ಅಲ್ಲಾಡಲಿಲ್ಲ. ಹೊರಗೆ ಬಿಳಿ ಬೋರ್ಡ್ ಹಾಕಿಸಿಕೊಂಡವರು ಒಳಗೆ ಅಟ್ಟದ ಮೇಲೆ ಹಳೆಯ ಬೋರ್ಡನ್ನು, ಬಿರುದು ಬಾವಲಿ ಸಹಿತ, ಐದು ಬಣ್ಣದ್ದು, ಹಾಗೇ ಇಟ್ಟುಕೊಂಡಿದ್ದರಂತೆ. ಅವರಿಗೆ ಕಲೆಯ ಮೇಲೆ ಪ್ರೀತಿ ಜಾಸ್ತಿ, ಹಳೆಯದನ್ನು ಎಸೆಯಲು ಮನಸ್ಸು ಬಂದಿರಲಿಕ್ಕಿಲ್ಲ.

ನಾನು ಖಾನಾವಳಿಗೆ ಓಡಿದೆ. ಕೈಯಲ್ಲಿ ಕಪ್ಪು ಡಬ್ಬ, ಗೋಡೆ ಬಳಿಯುವ ಅಗಲದ ಕುಂಚ, ಬೇರೆ ಏನೂ ಇರಲಿಲ್ಲ. ಒಳಗೆ ಉಣ್ಣುತ್ತಿದ್ದವರು ತಟ್ಟೆ ಬಿಟ್ಟು ತೊಲೆಗಳಿಗೆ ಜೋತುಬಿದ್ದಿದ್ದರು. ಅಕ್ಕ ಬಾಗಿಲ ಮೇಲಿನ ಅಡ್ಡಮರ ಹಿಡಿದು ತುದಿಗಾಲಿನಲ್ಲಿ ನಿಂತಿದ್ದಳು, ಅಲ್ಲ, ತುದಿಗಾಲೂ ನೆಲದಲ್ಲಿರಲಿಲ್ಲ. ಇಪ್ಪತ್ತೆರಡು ತಗಡೂ ಬಾಯಿ ತೆರೆದುಕೊಂಡು ಬಡಿದಾಡುತ್ತಿದ್ದವು.

"ಕೊಟ್ರ! ಏನಾರ ಬರಿಯೋ! ಹೋಗ್ತಾವೋ ಅವು!"

ಏಣಿ ಹಾಕಿದೆ, ಹತ್ತಿದೆ. ತಲೆಯಲ್ಲಿ ಏನೂ ಇರಲಿಲ್ಲ. ಇಪ್ಪತ್ತು ವರ್ಷದ ಅಭ್ಯಾಸ ನೋಡಿ, ಕೈ ತಾನಾಗಿಯೇ ಆ ಚುಕ್ಕಿಯಿರದ ಎಡಮೂಲೆಯಲ್ಲಿ ಒಂದು 'ಪ' ಬರೆಯಿತು. ಬರೆದ ಕೂಡಲೇ ಎಡಗಡೆಯ ತಗಡು ಒಂದಿಷ್ಟು ತಗ್ಗಿತು. ಅಕ್ಕ ತಲೆಯೆತ್ತಿ ನೋಡಿದಳು. ಆ ಅಕ್ಷರ ಅವಳಿಗೆ ಗೊತ್ತಿತ್ತು.

"ಅಳಿಸು."

"ಅಕ್ಕ, ತಗಡು..."

"ಹೋಗ್ಲಿ! ನನ್ನ ಕೈಯಾಗಿನ ಬಳಿ ಹೋತು, ಸರ ಹೋತು, ತಗಡೂ ಹೋಗ್ಲಿ. ಆ ಮುಂಡೇಮಗನ ಹೆಸರು ಮತ್ತ ನನ್ನ ತಲಿ ಮ್ಯಾಲೆ ಬ್ಯಾಡ. ಅಳಿಸೋ!"

ಅಂಗಿಯ ತೋಳಿನಿಂದ ತಿಕ್ಕಿದೆ. ಅಕ್ಷರ ಹೋಯಿತು, ಬೂದು ಕಲೆ ಉಳಿಯಿತು, ತಗಡು ಮತ್ತೆ ಎದ್ದಿತು. ನನಗೆ ಸಿಟ್ಟು, ಭಯ ಎರಡೂ ಒಟ್ಟಿಗೇ ಬಂದವು. "ಹಂಗಾದ್ರ ಏನು ಬರೀಲಿ ಹೇಳಕ್ಕ! ಯಾರ ಹೆಸರು ಬರೀಲಿ?" ಎಂದು ಕಿರುಚಿದೆ.

ಅಕ್ಕ ಅಡ್ಡಮರಕ್ಕೆ ಜೋತುಬಿದ್ದುಕೊಂಡೇ ನನ್ನನ್ನು ನೋಡಿದಳು. ಅಂಥ ನೋಟವನ್ನು ನಾನು ಅವಳ ಮುಖದಲ್ಲಿ ಹಿಂದೆ ಎಂದೂ ಕಂಡಿರಲಿಲ್ಲ, ಪೊರಕೆ ಹಿಡಿದ ದಿನವೂ ಕಂಡಿರಲಿಲ್ಲ.

"ನನಗೂ ಒಂದು ಹೆಸರೈತಲ್ಲೋ," ಅಂದಳು. "ನಿನಗ ಗೊತ್ತೈತೋ ಇಲ್ಲೋ?"

ಗೊತ್ತಿತ್ತು. ಗೊತ್ತಿತ್ತು, ಆದರೆ ಮೂವತ್ತು ವರ್ಷ ಊರಿನ ಹೆಸರನ್ನೆಲ್ಲ ಬರೆದ ನನಗೆ, ಅವಳ ಕೈಯ ರೊಟ್ಟಿ ತಿಂದು ಬೆಳೆದ ನನಗೆ, ಅದನ್ನು ಬರೆಯಬಹುದು ಎಂದು ಒಂದು ದಿನವೂ ಹೊಳೆದಿರಲಿಲ್ಲ. ಲೆಕ್ಕ ಹಾಕಿದೆ: ಇಪ್ಪತ್ತೆರಡು ತಗಡಿಗೆ ಹದಿಮೂರು ಅಕ್ಷರ ಬೇಕು, ಇವಳ ಹೆಸರಿನಲ್ಲಿ ಇರುವುದು ನಾಲ್ಕು. ಅದೂ ಬರೀ ಕಪ್ಪು, ಎಲ್ಲಕ್ಕಿಂತ ಹಗುರ ಬಣ್ಣ. ಗುರುಗಳ ಲೆಕ್ಕದಲ್ಲಿ ಅದು ನಿಲ್ಲುವಂಥದ್ದಲ್ಲ. ಲೆಕ್ಕವನ್ನು ಗಾಳಿಗೆ ಬಿಟ್ಟು, ಕುಂಚವನ್ನು ಡಬ್ಬದಲ್ಲಿ ಪೂರಾ ಮುಳುಗಿಸಿ, ಬೋರ್ಡಿನ ತಲೆಯಿಂದ ಬುಡದವರೆಗೆ 'ಚೆ' ಬರೆದೆ. ಎಡಗಡೆಯ ತಗಡುಗಳು ದಡ್ ಎಂದು ಕೂತವು. 'ನ್ನಾ' ಬರೆದೆ, ಒತ್ತು ಬೋರ್ಡಿನಲ್ಲಿ ಹಿಡಿಸದೆ ಕೆಳಗಿನ ಗೋಡೆಗೆ ಇಳಿಯಿತು, ಇಳಿಯಲಿ. ಅಕ್ಕನ ಕಾಲು ನೆಲಕ್ಕೆ ತಾಗಿತು. 'ಜ' ಬರೆದೆ. 'ಮ್ಮ' ಬರೆಯುವಾಗ ಡಬ್ಬದಲ್ಲಿದ್ದ ಬಣ್ಣವನ್ನೆಲ್ಲ ಆ ಒಂದು ಅಕ್ಷರಕ್ಕೇ ಮೆತ್ತಿದೆ, ತನ್ಮಯನ ಚುಕ್ಕಿ ಅದರ ಹೊಟ್ಟೆಯೊಳಗೆ ಎಲ್ಲಿ ಹೋಯಿತೋ ಗೊತ್ತಿಲ್ಲ. ಕೊನೆಯ ತಗಡು ಕೂತಿತು. ಗಾಳಿ ಎರಡು ಸಲ ಬಂದು ಗುದ್ದಿ ನೋಡಿ, ಬೇರೆ ಮನೆ ಹುಡುಕಿಕೊಂಡು ಹೋಯಿತು.

ಊರಿನ ಆ ಬೀದಿಯಲ್ಲಿ ಛಾವಣಿ ಉಳಿದದ್ದು ಖಾನಾವಳಿಗೆ ಮಾತ್ರ. ಹಾಗಾಗಿ ತೀರ್ಪುಗಾರರು, ಅಧ್ಯಕ್ಷರು, ತನ್ಮಯ್, ಖಾಸಿಂ ಸಾಹೇಬರು ಎಲ್ಲರೂ ತಲೆಯ ಮೇಲೆ ಕೈ ಹೊತ್ತುಕೊಂಡು ಅಲ್ಲಿಗೇ ಓಡಿಬಂದರು. ಅಕ್ಕ ಯಾರನ್ನೂ ಏನೂ ಕೇಳದೆ ರೊಟ್ಟಿ ಬಡಿಸಿದಳು. ತೀರ್ಪುಗಾರರು ಉಂಡು, ಹೊರಗೆ ಬಂದು, ಬೋರ್ಡಿನ ಮುಂದೆ ನಿಂತರು. ಪೂರ್ತಿ ಅರ್ಧ ಗಂಟೆ ನಿಂತರು. ಅಧ್ಯಕ್ಷರ ಕಣ್ಣಲ್ಲಿ ನೀರು ಬಂತು.

ತನ್ಮಯ್ ಎರಡು ಹೆಜ್ಜೆ ಮುಂದೆ ಬಂದ. ಬೋರ್ಡಿನಲ್ಲಿ ಬಿಳಿ ಎನ್ನುವುದು ಹುಡುಕಿದರೂ ಸಿಗುತ್ತಿರಲಿಲ್ಲ, ಆದರೆ ಅವನು ಹೆದರುವವನಲ್ಲ. "ಖಾಲಿ ಜಾಗ ಈಗ ಅಕ್ಷರದ ಒಳಗಡೆ ಹೋಗಿದೆ, ಗಮನಿಸಿ. ಬಣ್ಣ ಸೋರಿರೋದು ಉದ್ದೇಶಪೂರ್ವಕ. ಎಡಗಡೆ ಆ ಬೂದು ಕಲೆ ಇದೆಯಲ್ಲ, ಅದು ಮೌನ." ತೀರ್ಪುಗಾರರು ಮೂವರೂ ಬರೆದುಕೊಂಡರು. ಅಲ್ಲೇ ಊರಿಗೆ ಮೊದಲ ಬಹುಮಾನ ಸಿಕ್ಕಿತು. ಊರಿನಲ್ಲಿ ಛಾವಣಿಯೇ ಇರಲಿಲ್ಲ ಎನ್ನುವುದನ್ನು ಆಕಾಶಕ್ಕೆ ತೆರೆದುಕೊಂಡ ಊರು ಎಂದು ಬಹುಮಾನದ ಪತ್ರದಲ್ಲಿ ಬರೆದರು. ಅಧ್ಯಕ್ಷರು ಆ ಪತ್ರಕ್ಕೆ ಚೌಕಟ್ಟು ಹಾಕಿಸಲು ಹೇಳಿ, ಬಣ್ಣದ ಕೋಣೆಯ ಬೀಗ ನಾಳೆಯೇ ತೆಗೆಸುತ್ತೇನೆ ಎಂದರು. ಅವರ ಮನೆಯಲ್ಲಿ ಆಗಲೇ ನೆಂಟರು ತುಂಬಿದ್ದರಲ್ಲ, ಛಾವಣಿ ಕಳೆದುಕೊಂಡ ಸದಸ್ಯರೆಲ್ಲ ಅಲ್ಲೇ ಠಿಕಾಣಿ ಹೂಡಿದ್ದರು.

ಅವರೆಲ್ಲ ಹೋದ ಮೇಲೆ ಅಕ್ಕ ಸೆರಗಿಗೆ ಕೈ ಒರೆಸಿಕೊಂಡು ಹೊರಗೆ ಬಂದಳು. ನಾನು ಗುರುತಿನ ಚೀಟಿಯ ದಾರದಿಂದ ಏಣಿಯ ಮುರಿದ ಮೆಟ್ಟಿಲು ಕಟ್ಟುತ್ತಿದ್ದೆ. ಆ ದಾರಕ್ಕೆ ಅದಕ್ಕಿಂತ ಒಳ್ಳೆಯ ಕೆಲಸ ಸಿಗುವಂತಿರಲಿಲ್ಲ. ಅಕ್ಕ ಬೀದಿಯ ಆ ಕಡೆಗೆ, ಬೀಡಿ ಅಂಗಡಿಯ ಹತ್ತಿರ ಹೋಗಿ ನಿಂತು, ಸೊಂಟದ ಮೇಲೆ ಕೈಯಿಟ್ಟುಕೊಂಡು ಬೋರ್ಡ್ ನೋಡಿದಳು.

"ಓದು," ಅಂದಳು.

"ಚೆನ್ನಾಜಮ್ಮ," ಎಂದು ಓದಿದೆ. ಹುಟ್ಟಿದಾಗಿನಿಂದ ಅವಳನ್ನು ಅಕ್ಕ ಎಂದವನು ನಾನು. ಆ ಹೆಸರನ್ನು ನನ್ನ ಬಾಯಿ ಆಡಿದ್ದು ಅದೇ ಮೊದಲು.

"ಇನ್ನೊಮ್ಮೆ ಓದು."

ಓದಿದೆ. ನಾನು ಅರ್ಧ ಓದುವಷ್ಟರಲ್ಲಿ ಎದುರಿನ ಬೀಡಿ ಅಂಗಡಿಯವನು ಹೊರಗೆ ಬಂದು ಉಳಿದರ್ಧವನ್ನು ತಾನೇ ಓದಿದ. ಅಕ್ಕ ತುಟಿ ಅಲ್ಲಾಡಿಸುತ್ತಾ ನಾಲ್ಕೂ ಅಕ್ಷರಗಳನ್ನು ಬೆರಳಿನಿಂದ ಗಾಳಿಯಲ್ಲಿ ತಿದ್ದಿದಳು.

"ಚಲೋ ಐತಿ. ಆದ್ರ ಇದೇನೋ, ಸತ್ತವರ ಮನಿ ಬೋರ್ಡ್ ಇದ್ದಂಗ, ಬರೇ ಕರೀದು? ನಾಳಿ ಬೀಗ ತಗೀತಾರಂತ, ಮೊದ್ಲು ನನ್ನ ಕೆಂಪು ಡಬ್ಬಿ ತಗೊಂಡು ಬಾ."

ಮಾರನೆಯ ದಿನ ನಾಲ್ಕು ಅಕ್ಷರಕ್ಕೂ ಕೆಂಪು ಶೇಡ್ ಹಾಕಿದೆ, ಅದರ ಮೇಲೆ ಹಳದಿ ಗೆರೆ ಎಳೆದೆ. ಏಣಿ ಹಿಡಿದುಕೊಂಡಿದ್ದ ಅಕ್ಕ ಆ ವರ್ಷ ಯಾರಿಗೂ ಶಾಪ ಹಾಕಲಿಲ್ಲ, ಇನ್ನೊಂದು ಕೋಟು ಹಚ್ಚು ಎನ್ನುತ್ತಿದ್ದಳು ಅಷ್ಟೆ. ಭಾರ ಹೆಚ್ಚಾಗಿ ಖಾನಾವಳಿಯ ಬಾಗಿಲು ಅರ್ಧ ಬೆರಳು ಕೆಳಗೆ ಇಳಿದಿದೆ, ಈಗ ಜೋರಾಗಿ ಎಳೆದರೆ ಮಾತ್ರ ತೆರೆಯುತ್ತದೆ. ಬಡಗಿಯನ್ನು ಕರೆಸಿ ಅಂಚು ಸವರಿಸೋಣವೇ ಎಂದು ಕೇಳಿದೆ.

"ಬ್ಯಾಡ," ಅಂದಳು ಚೆನ್ನಾಜಮ್ಮ. "ಬರೋರು ಹೊರಗ ಒಂದು ಗಳಿಗೆ ನಿಂದರ್ಲಿ. ಹೆಸರು ಓದಿ ಒಳಗ ಬರ್ಲಿ."